85 ಸೆಂಟಿಮೀಟರ್ ಎತ್ತರದಿಂದ ಮನೆಯನ್ನೊಮ್ಮೆ ನೋಡಿ: ಮನೆ ಕಟ್ಟುವವರಿಗೂ ಮನೆಬಳಕೆಯ ವಸ್ತು ತಯಾರಿಸುವವರಿಗೂ ಬಹಿರಂಗ ಪತ್ರ

ಮಾನ್ಯರೆ,

ಮನೆಯ ನಕ್ಷೆ ಬರೆಯುವವರು, ಕಪಾಟು, ನಲ್ಲಿ, ಒಲೆ, ರಿಮೋಟು ಮಾಡುವವರು, ಔಷಧಿ ಬಾಟಲಿಯನ್ನೂ ನೆಲ ಒರೆಸುವ ದ್ರವವನ್ನೂ ಮಾರುಕಟ್ಟೆಗೆ ಬಿಡುವವರು, ಇವಕ್ಕೆಲ್ಲ ನಿಯಮ ರೂಪಿಸುವ ಅಧಿಕಾರಿಗಳು ಓದಲಿ ಎಂದು ಈ ಪತ್ರ. ಬರೆಯುತ್ತಿರುವವರು ಒಂದರಿಂದ ಮೂರು ವರ್ಷದ ಮಕ್ಕಳನ್ನು ಇಟ್ಟುಕೊಂಡು ಮನೆ ನಡೆಸುವ ತಾಯಂದಿರು.

ಪುಟ್ಟ ಮಗುವಿಗೆ ಮನೆಯೊಳಗೆ ಪೆಟ್ಟಾದರೆ ಮೊದಲು ಬರುವ ಪ್ರಶ್ನೆ "ತಾಯಿ ಎಲ್ಲಿದ್ದಳು?" ಎಂಬುದು. ಆ ಕಪಾಟು ಯಾಕೆ ಮುಗುಚಿತು, ಆ ಬಾಟಲಿಯ ಮುಚ್ಚಳ ಯಾಕೆ ಅಷ್ಟು ಸುಲಭವಾಗಿ ಬಿಚ್ಚಿಕೊಂಡಿತು ಎಂದು ಯಾರೂ ಕೇಳುವುದಿಲ್ಲ. ತಾಯಿ ಒಲೆಯ ಮುಂದೆ ಇದ್ದಳು, ಇಲ್ಲವೇ ಬಟ್ಟೆ ಒಣಹಾಕುತ್ತಿದ್ದಳು, ಇಲ್ಲವೇ ಶೌಚಕ್ಕೆ ಹೋಗಿದ್ದಳು. ಮನೆಗೆಲಸ ಎಂದರೆ ಅದೇ ತಾನೆ. ಕುದಿಯುವ ಪಾತ್ರೆ ಇಳಿಸುವಾಗ ಕಣ್ಣು ಪಾತ್ರೆಯ ಮೇಲೆ ಇರಲೇಬೇಕು. ಆ ಹತ್ತು ಸೆಕೆಂಡಿನಲ್ಲಿ ಮಗು ಇನ್ನೊಂದು ಕೋಣೆ ಸೇರಿರುತ್ತದೆ. ಕ್ಷಣವೂ ಕಣ್ಣು ತೆಗೆಯದೆ ಕಾಯ್ದರೆ ಮಾತ್ರ ಅಪಾಯವಿಲ್ಲದ ವಸ್ತು ಮನೆಯಲ್ಲಿ ಬಳಸಲು ತಕ್ಕದ್ದಲ್ಲ. ನಮ್ಮ ಕಣ್ಣು ತಪ್ಪಿದಾಗಲೂ ಮಗುವನ್ನು ಕಾಯುವ ಗುಣ ವಸ್ತುವಿನಲ್ಲೇ ಇರಬೇಕು. ನಾವು ಕೇಳುತ್ತಿರುವುದು ಇಷ್ಟನ್ನೇ. ಹೇಗೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇವೆ.

ಮೊದಲು ಅಳತೆಗಳು. ಒಂದು ವರ್ಷದ ಮಗುವಿನ ಎತ್ತರ ಸುಮಾರು 75 ಸೆಂ.ಮೀ. ಎರಡು ವರ್ಷಕ್ಕೆ ಸುಮಾರು 86, ಮೂರಕ್ಕೆ 95ರ ಆಸುಪಾಸು. ಎರಡು ವರ್ಷದ ಮಗು ತುದಿಗಾಲಲ್ಲಿ ನಿಂತು ಕೈ ಚಾಚಿದರೆ ಬೆರಳು ಒಂದು ಮೀಟರ್ ದಾಟುತ್ತದೆ. ಅಡುಗೆಕಟ್ಟೆಯ ಎತ್ತರ ಸಾಮಾನ್ಯವಾಗಿ 85ರಿಂದ 90 ಸೆಂ.ಮೀ. ಕಟ್ಟೆಯ ಮೇಲಿರುವುದು ಮಗುವಿನ ಕಣ್ಣಿಗೆ ಕಾಣುವುದಿಲ್ಲ, ಆದರೆ ಅಂಚಿನಲ್ಲಿರುವುದು ಕೈಗೆ ಸಿಗುತ್ತದೆ. ಕಾಣದ್ದನ್ನು ತಡಕಾಡಿ ಎಳೆಯುವ ಕೈ ಅದು. ಇನ್ನೊಂದು ಅಳತೆ ತಲೆಯದು. ಎರಡು ವರ್ಷದ ಮಗುವಿನ ಒಟ್ಟು ಎತ್ತರದಲ್ಲಿ ತಲೆಯದ್ದೇ ಸುಮಾರು ಐದನೇ ಒಂದು ಪಾಲು. ಹಾಗಾಗಿ ದೇಹದ ಭಾರವೆಲ್ಲ ಮೇಲ್ಭಾಗದಲ್ಲಿದೆ. ಬಗ್ಗಿದರೆ ತಲೆ ಮುಂದಾಗಿ ಬೀಳುತ್ತದೆ, ಬಿದ್ದ ಮೇಲೆ ತೋಳಿನ ಬಲದಿಂದ ಮೇಲೇಳಲು ಆಗುವುದಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಕುರ್ಚಿ ಹತ್ತುವುದು ಬರುತ್ತದೆ. ಎರಡರ ಆಸುಪಾಸಿನಲ್ಲಿ ಕುರ್ಚಿಯನ್ನು ಬೇಕಾದಲ್ಲಿಗೆ ತಳ್ಳಿಕೊಂಡು ಹೋಗಿ ಹತ್ತುವುದು, ಮುಚ್ಚಳ ತಿರುಗಿಸುವುದು, ದೊಡ್ಡವರು ಮಾಡಿದ್ದನ್ನು ನೋಡಿ ಹಾಗೆಯೇ ಮಾಡುವುದು ಎಲ್ಲವೂ ಬರುತ್ತವೆ. ಕೈ, ಕಾಲು, ಕುತೂಹಲ ಎಲ್ಲ ಬಂದಿರುತ್ತವೆ, ಅಪಾಯದ ಅರಿವು ಮಾತ್ರ ಇನ್ನೂ ಬಂದಿರುವುದಿಲ್ಲ. ಈ ಅಳತೆಗಳು ನಿಮ್ಮ ನಕ್ಷೆಯ ಪಕ್ಕದಲ್ಲಿ ಇರಲಿ.

ಒಲೆಯನ್ನೇ ನೋಡಿ. ಗುಂಡಿಗಳನ್ನು ಮುಂಬದಿಯ ಪಟ್ಟಿಯಲ್ಲಿ ಕೂರಿಸಿದರೆ ಅವು ಸರಿಯಾಗಿ ಮಗುವಿನ ಮುಖದ ಮಟ್ಟಕ್ಕೆ ಬರುತ್ತವೆ. ಸುಮ್ಮನೆ ತಿರುಗುವ ಗುಂಡಿಯಾದರೆ ಅದು ಮಗುವಿಗೆ ಆಟಿಕೆ. ಒತ್ತಿ ಹಿಡಿದು ತಿರುಗಿಸಬೇಕಾದ ಗುಂಡಿ ಸ್ವಲ್ಪ ವಾಸಿ. ಮೇಲ್ಭಾಗದಲ್ಲಿ, ಕಟ್ಟೆಯ ಅಂಚಿನಿಂದ ದೂರದಲ್ಲಿ ಕೂರಿಸಿದ್ದು ಅದಕ್ಕಿಂತ ವಾಸಿ. ಜ್ವಾಲೆ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ಸಾಧನ ದುಬಾರಿ ಮಾದರಿಗೆ ಮಾತ್ರ ಮೀಸಲಾಗಬಾರದು. ವಿದ್ಯುತ್ ಕೆಟಲಿನ ತಂತಿಯನ್ನು ಮೊಟಕು ಮಾಡಿ. ಮೀಟರುದ್ದದ ತಂತಿ ಕಟ್ಟೆಯಿಂದ ಕೆಳಗೆ ಜೋತುಬಿದ್ದರೆ ಅದನ್ನು ಎಳೆಯಲು ಮಗುವಿಗೆ ಕಾರಣವೇ ಬೇಕಿಲ್ಲ, ಎಳೆದರೆ ಲೀಟರುಗಟ್ಟಲೆ ಕುದಿನೀರು ಮುಖ, ಎದೆಯ ಮೇಲೆ. ಕೆಟಲು ಮಗುಚಿದರೂ ನೀರು ಚೆಲ್ಲದ ಬಿಗಿ ಮುಚ್ಚಳ ಮಾಡುವುದು ಸಾಧ್ಯ. ಅಂಥವು ಇವೆ, ಆದರೆ ಎಲ್ಲವೂ ಹಾಗಿಲ್ಲ.

ಅಡುಗೆಮನೆಯ ನಕ್ಷೆ ಬರೆಯುವವರಿಗೆ ಎರಡು ಮಾತು. ಸಿಂಕಿನ ಕೆಳಗಿನ ಕಪಾಟಿನಲ್ಲಿ ಕೊಳವೆ ಇರುವುದರಿಂದ ಪಾತ್ರೆ ಇಡಲಾಗದು. ಹಾಗಾಗಿ ಸೋಪು, ಬ್ಲೀಚು, ಚರಂಡಿ ಬಿಡಿಸುವ ಪುಡಿ ಎಲ್ಲ ಅಲ್ಲಿಗೇ ಸೇರುತ್ತವೆ. ಇದು ಮನೆಯವರ ಅಜಾಗರೂಕತೆ ಅಲ್ಲ, ನೀವು ಬೇರೆ ಜಾಗ ಬಿಟ್ಟಿಲ್ಲ. ನೆಲದಿಂದ 1.5 ಮೀಟರ್ ಮೇಲೆ, ಒಂದು ಗೇಣು ಆಳದ, ಚಿಲಕವಿರುವ ಸಣ್ಣ ಗೂಡೊಂದನ್ನು ನಕ್ಷೆಯಲ್ಲೇ ಸೇರಿಸಿದರೆ ಈ ಸಮಸ್ಯೆ ಬಹುಮಟ್ಟಿಗೆ ಮುಗಿಯುತ್ತದೆ. ಎರಡನೆಯದು ನೋಟದ ಗೆರೆ. ಒಲೆಯ ಮುಂದೆ ನಿಂತವಳಿಗೆ ಮಗು ಆಡುವ ಜಾಗ ಕುತ್ತಿಗೆ ತಿರುಗಿಸಿದರೆ ಕಾಣಬೇಕು. ಅದೇ ಹೊತ್ತಿಗೆ ಮಗು ಒಲೆಯ ಬುಡಕ್ಕೆ ಬಾರದಂತೆ ಅರ್ಧ ಎತ್ತರದ ಗೇಟು ಹಾಕಲು ಬಾಗಿಲಿನ ಚೌಕಟ್ಟು ಗಟ್ಟಿಯಿರಬೇಕು. ಬಾಗಿಲೇ ಇಲ್ಲದ ತೆರೆದ ಅಡುಗೆಮನೆ ನೋಡಲು ಚೆಂದ, ಆದರೆ ಗೇಟು ಕೂರಿಸಲು ಎರಡು ಗೋಡೆ ಇಲ್ಲದಿದ್ದರೆ ಅಲ್ಲಿ ಮಗುವನ್ನು ತಡೆಯುವ ದಾರಿಯೇ ಇರುವುದಿಲ್ಲ. ಕೆಳಗಿನ ಡ್ರಾಯರುಗಳಲ್ಲಿ ಒಂದನ್ನು ಮಗುವಿಗೇ ಬಿಟ್ಟುಕೊಡುವುದು ನಾವು ಕಂಡುಕೊಂಡ ಉಪಾಯ. ಅದರಲ್ಲಿ ಮರದ ಸೌಟು, ಪ್ಲಾಸ್ಟಿಕ್ ಡಬ್ಬಿ, ಒಣ ಬಟ್ಟೆ. ಉಳಿದವಕ್ಕೆ ಆಯಸ್ಕಾಂತದ ಒಳಬೀಗ. ಡ್ರಾಯರು ಮುಚ್ಚುವಾಗ ಬೆರಳು ಜಜ್ಜದಂತೆ ಕೊನೆಯಲ್ಲಿ ನಿಧಾನವಾಗುವ ಹಳಿಯನ್ನು ಐಷಾರಾಮ ಎಂದು ಲೆಕ್ಕ ಹಾಕಬೇಡಿ.

ಬಚ್ಚಲುಮನೆಯ ಒಳಚಿಲಕ ಸೊಂಟದ ಮಟ್ಟದಲ್ಲಿರುವುದು ವಾಡಿಕೆ. ಎಂದರೆ ನೆಲದಿಂದ ಸುಮಾರು ಒಂದು ಮೀಟರ್, ಎರಡು ವರ್ಷದ ಮಗುವಿನ ಕೈ ಮುಟ್ಟುವ ಎತ್ತರ. ಮಗು ಒಳಗೆ ಹೋಗಿ ಬಾಗಿಲು ತಳ್ಳುತ್ತದೆ, ಚಿಲಕದ ಗುಬುಟನ್ನು ಸರಿಸುತ್ತದೆ. ಹಾಕುವುದು ಬರುತ್ತದೆ, ತೆಗೆಯುವುದು ಬರುವುದಿಲ್ಲ, ಯಾಕೆಂದರೆ ತೆಗೆಯಲು ಮೊದಲು ಗುಬುಟನ್ನು ಎತ್ತಿ ಆಮೇಲೆ ಎಳೆಯಬೇಕು. ಹೊರಗಿನವರು ಹೇಳಿಕೊಟ್ಟಷ್ಟೂ ಮಗು ಗಾಬರಿಯಾಗಿ ಅಳುತ್ತದೆ. ಒಳಗೆ ಒದ್ದೆ ನೆಲ, ಬಿಸಿನೀರಿನ ನಲ್ಲಿ, ತುಂಬಿದ ಬಕೆಟ್ಟು. ಇದಕ್ಕೆ ಪರಿಹಾರ ಬಹಳ ಸರಳ. ಹೊರಗಿನಿಂದ ನಾಣ್ಯವನ್ನೋ ಸ್ಕ್ರೂಡ್ರೈವರನ್ನೋ ಸೀಳಿಗೆ ಹಾಕಿ ತಿರುಗಿಸಿದರೆ ತೆರೆಯುವ ಬೀಗ ಎಷ್ಟೋ ಕಾಲದಿಂದ ಇದೆ. ಅದು ಒಪ್ಪದಿದ್ದರೆ ಚಿಲಕವನ್ನು 1.5 ಮೀಟರ್ ಎತ್ತರಕ್ಕೆ ಹಾಕಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಮಗು ಕೂತುಬಿಟ್ಟರೆ ಬೀಗ ತೆಗೆದರೂ ಒಳಗೆ ನುಗ್ಗುವಂತಿಲ್ಲ. ಇವೆಲ್ಲ ಆಗುವವರೆಗೆ ಬಾಗಿಲಿನ ಮೇಲ್ತುದಿಗೆ ದಪ್ಪ ಟವೆಲೊಂದನ್ನು ಹೊದಿಸಿಟ್ಟರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಚಿಲಕವೂ ಕೂರುವುದಿಲ್ಲ, ಬೆರಳೂ ಸಿಕ್ಕಿಕೊಳ್ಳುವುದಿಲ್ಲ.

ನೀರಿನ ಬಿಸಿಯ ವಿಷಯ ಇನ್ನೂ ಗಂಭೀರ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಗುವಿನ ಚರ್ಮ ತೆಳು, ಅದಕ್ಕೆ ಒಂದು ಸೆಕೆಂಡು ಸಾಕು. 49 ಡಿಗ್ರಿಯಾದರೆ ಹಾಗೆ ಸುಡಲು ನಿಮಿಷಗಳೇ ಬೇಕು, ಅಷ್ಟರಲ್ಲಿ ಎತ್ತಿಕೊಳ್ಳಬಹುದು. ಅಂದರೆ ಹನ್ನೊಂದು ಡಿಗ್ರಿಯ ವ್ಯತ್ಯಾಸದಲ್ಲಿ ಮಗುವಿನ ಚರ್ಮ ಉಳಿಯುತ್ತದೆ. ಟ್ಯಾಂಕಿನಲ್ಲಿ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು 60 ಡಿಗ್ರಿ ಬೇಕು ಎಂದು ನೀವು ಹೇಳಬಹುದು. ಅದು ನಿಜ. ಅದಕ್ಕೇ ಟ್ಯಾಂಕನ್ನು ಬಿಸಿಯಾಗಿಯೇ ಇಟ್ಟು, ನಲ್ಲಿಯ ಬಳಿ ತಣ್ಣೀರು ಬೆರೆಸಿ ನಿಗದಿತ ಬಿಸಿಗೆ ಇಳಿಸುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಇರುವುದು. ಸ್ನಾನದ ನಲ್ಲಿಗೆ ಅದನ್ನು ಕಡ್ಡಾಯ ಮಾಡಿ ಎಂದು ನಿಯಮ ಬರೆಯುವವರನ್ನು ಕೇಳುತ್ತೇವೆ. ಒಂದೇ ಹಿಡಿಕೆಯ ನಲ್ಲಿ ಮಾಡುವವರು ಹಿಡಿಕೆ ನಡುವೆ ನೇರವಾಗಿದ್ದಾಗ ತಣ್ಣೀರೇ ಬರುವಂತೆ ಮಾಡಲಿ. ಮಗು ಹಿಡಿಕೆಯನ್ನು ಎತ್ತುವುದು ಹಾಗೆಯೇ. ಹೀಟರಿನ ಥರ್ಮೋಸ್ಟಾಟ್ ಗುಂಡಿಯ ಮೇಲೆ ‘ಕಡಿಮೆ’, ‘ಹೆಚ್ಚು’ ಎಂದಷ್ಟೇ ಬರೆದರೆ ಸಾಲದು, ಡಿಗ್ರಿಯ ಅಂಕಿ ಬೇಕು. ಅಂಕಿಯಿಲ್ಲದೆ ನೀರು ಎಷ್ಟು ಬಿಸಿಯಿದೆ ಎಂದು ತಿಳಿಯುವುದು ಹೇಗೆ? ಮನೆಯಲ್ಲಿ ನಾವು ಮಾಡುವುದು ಇಷ್ಟು: ತೊಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಚೆನ್ನಾಗಿ ಕಲಕಿ ಮೊಣಕೈಯಿಂದ ನೋಡಿ, 37–38 ಡಿಗ್ರಿ ಆದ ಮೇಲೆ ಮಗು. ಅಂಗೈ ದಿನವಿಡೀ ಬಿಸಿ ಪಾತ್ರೆ ಮುಟ್ಟಿ ಪಳಗಿರುತ್ತದೆ, ಅದರ ಮಾತು ನಂಬುವಂತಿಲ್ಲ.

ಬಕೆಟ್ಟಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಇಪ್ಪತ್ತು ಲೀಟರಿನ ಬಕೆಟ್ಟು ಅರ್ಧ ತುಂಬಿದರೆ ಹತ್ತು ಕಿಲೊ, ಹೆಚ್ಚುಕಡಿಮೆ ಮಗುವಿನಷ್ಟೇ ತೂಕ. ಇಣುಕಿದ ಮಗು ತಲೆಕೆಳಗಾಗಿ ಬಿದ್ದರೆ ಬಕೆಟ್ಟು ಉರುಳಿ ನೀರು ಚೆಲ್ಲುವುದಿಲ್ಲ. ಮಗುವಿಗೆ ಹೊರಬರಲು ಆಗುವುದಿಲ್ಲ, ಕೂಗಲೂ ಆಗುವುದಿಲ್ಲ. ಐದು ಸೆಂಟಿಮೀಟರ್ ನೀರಿನಲ್ಲೂ ಮಗು ಮುಳುಗಬಹುದು. ಬಕೆಟ್ಟು ಮಾಡುವವರಲ್ಲಿ ನಮ್ಮ ಬೇಡಿಕೆ ಒಂದೇ: ಬಿಗಿಯಾಗಿ ಕೂರುವ ಮುಚ್ಚಳ ಕೊಡಿ, ಬದಿಯಲ್ಲಿ ಮಾಸದ ಎಚ್ಚರಿಕೆ ಚಿತ್ರ ಅಚ್ಚೊತ್ತಿ. ಕೆಲಸ ಮುಗಿದ ಕೂಡಲೇ ನೀರು ಚೆಲ್ಲಿ ಬಕೆಟ್ಟನ್ನು ಬೋರಲು ಹಾಕುವ ಕೆಲಸ ನಮ್ಮದು, ಮನೆಯ ಗಂಡಸರದ್ದೂ ಹೌದು.

ಇನ್ನು ಡ್ರಾಯರುಗಳ ಕಪಾಟು. ಮಗು ಕೆಳಗಿನ ಡ್ರಾಯರನ್ನು ಎಳೆದು ಅದರ ಮೇಲೆ ಕಾಲಿಡುತ್ತದೆ. ಮೇಲಿನದನ್ನು ಎಳೆಯುತ್ತದೆ, ಅದನ್ನು ಹಿಡಿದು ಇನ್ನೊಂದು ಮೆಟ್ಟಿಲು ಹತ್ತುತ್ತದೆ. ಹೊರಬಂದ ಒಂದೊಂದು ಡ್ರಾಯರಿನ ಜೊತೆಗೂ ಕಪಾಟಿನ ಗುರುತ್ವ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಅದು ಮುಂಗಾಲುಗಳ ಗೆರೆ ದಾಟಿದ ಕ್ಷಣ ಇಡೀ ಕಪಾಟು ಮಗುವಿನ ಮೇಲೆ. ಮೇಲೊಂದು ಟಿ.ವಿ. ಇದ್ದರೆ ಮೊದಲು ಬೀಳುವುದು ಅದೇ. ಮೆತ್ತನೆಯ ಕಾರ್ಪೆಟ್ಟಿನ ಮೇಲಿಟ್ಟ ಕಪಾಟು ಇನ್ನೂ ಬೇಗ ವಾಲುತ್ತದೆ. ಅಮೆರಿಕದಲ್ಲಿ 2022ರಲ್ಲಿ ಸ್ಟರ್ಡಿ ಕಾಯಿದೆ ಬಂತು. 2023ರ ಸೆಪ್ಟೆಂಬರ್ 1ರ ನಂತರ ತಯಾರಾಗುವ, ಸುಮಾರು 69 ಸೆಂ.ಮೀ. ಅಥವಾ ಅದಕ್ಕೂ ಎತ್ತರದ ಬಟ್ಟೆ ಕಪಾಟುಗಳು ಬಟ್ಟೆ ತುಂಬಿದ ಡ್ರಾಯರು ತೆರೆದಿರುವಾಗಲೂ, ಕಾರ್ಪೆಟ್ಟಿನ ಮೇಲಿದ್ದಾಗಲೂ, ಸುಮಾರು 27 ಕಿಲೊವರೆಗಿನ ಮಗು ಹತ್ತಿದಾಗಲೂ ಮುಗುಚದೆ ನಿಲ್ಲುತ್ತವೆಯೇ ಎಂದು ಪರೀಕ್ಷಿಸಲೇಬೇಕು. ಒಂದು ಡ್ರಾಯರು ತೆರೆದಿದ್ದರೆ ಇನ್ನೊಂದು ತೆರೆಯದಂತೆ ತಡೆಯುವ ಇಂಟರ್‌ಲಾಕ್, ಹಿಂಭಾಗದಲ್ಲಿ ತೂಕ, ಅಗಲ ಪಾದ, ಇಷ್ಟರಿಂದಲೇ ಇದು ಸಾಧ್ಯ. ಅಲ್ಲಿಗೆ ಕಳಿಸುವ ಮಾದರಿಯನ್ನು ಒಂದು ರೀತಿ, ಉಳಿದ ಊರುಗಳ ಮಾದರಿಯನ್ನು ಇನ್ನೊಂದು ರೀತಿ ಮಾಡಬೇಡಿ. ಮಕ್ಕಳು ಎಲ್ಲೆಡೆಯೂ ಒಂದೇ ತರಹ ಹತ್ತುತ್ತಾರೆ.

ಗೋಡೆಗೆ ಬಿಗಿಯುವ ಸಾಮಾನಿನ ಪೊಟ್ಟಣ ಕೊಟ್ಟಿದ್ದೇವಲ್ಲ ಎಂದು ಕೈತೊಳೆದುಕೊಳ್ಳುವುದೂ ಸಲ್ಲದು. ಆ ಪೊಟ್ಟಣದಲ್ಲಿ ಒಂದೇ ಬಗೆಯ ಪ್ಲಗ್ಗು ಇರುತ್ತದೆ. ಗಟ್ಟಿ ಇಟ್ಟಿಗೆಗೆ ಹಿಡಿಯುವ ಪ್ಲಗ್ಗು ಜಿಪ್ಸಂ ಹಲಗೆಯ ಗೋಡೆಯಲ್ಲಿ ಕೈಯಿಂದ ಎಳೆದರೂ ಕಿತ್ತು ಬರುತ್ತದೆ. ಅಲ್ಲಿ ಸ್ಕ್ರೂ ಒಳಗಿನ ಚೌಕಟ್ಟಿಗೇ ಇಳಿಯಬೇಕು. ಪ್ಲಾಸ್ಟಿಕ್ ಪಟ್ಟಿ ಕೆಲವೇ ವರ್ಷಗಳಲ್ಲಿ ಪೆಡಸಾಗಿ ತುಂಡಾಗಬಹುದು, ಲೋಹದ ಪಟ್ಟಿ ಕೊಡಿ. ಮನೆ ಬಾಡಿಗೆಗೆ ಕೊಡುವವರಿಗೂ ಇಲ್ಲೇ ಒಂದು ಮಾತು: ಗೋಡೆಗೆ ಎರಡು ತೂತು ಕೊರೆಯಲು ಬಾಡಿಗೆದಾರರಿಗೆ ಅಡ್ಡಿ ಮಾಡಬೇಡಿ. ತೂತು ಮುಚ್ಚಲು ಒಂದು ಚಮಚ ಪುಟ್ಟಿ ಸಾಕು.

ಕಿಟಕಿ, ಬಾಲ್ಕನಿಗಳ ನಿಯಮಗಳು ಬಹುತೇಕ ಕಡೆ ಇವೆ, ಪಾಲನೆ ಕಡಿಮೆ. ಕಂಬಿಗಳ ನಡುವಿನ ಸಂದು ಹತ್ತು ಸೆಂ.ಮೀ. ದಾಟಬಾರದು, ಕಂಬಿಗಳು ನೆಟ್ಟಗಿರಬೇಕು. ಅಡ್ಡ ಕಂಬಿ ಎಂದರೆ ಏಣಿ. ಆಸ್ಟ್ರೇಲಿಯಾದ ಕಟ್ಟಡ ಸಂಹಿತೆಯಲ್ಲಿ ಎತ್ತರದ ಜಾಗದ ಕಟಾಂಜನಕ್ಕೆ ನೆಲದಿಂದ 150 ಮತ್ತು 760 ಮಿ.ಮೀ. ನಡುವೆ ಕಾಲಿಟ್ಟು ಹತ್ತುವಂಥದ್ದೇನೂ ಇರಬಾರದು ಎಂದಿದೆ. ಯಾವ ಊರಿನ ಕಟ್ಟಡಕ್ಕೂ ಒಪ್ಪುವ ಮಾತು. ಕಿಟಕಿ ಹತ್ತು ಸೆಂ.ಮೀ.ಗಿಂತ ಹೆಚ್ಚು ತೆರೆಯದಂತೆ ತಡೆ ಬೇಕು, ಬೆಂಕಿ ಬಿದ್ದಾಗ ದೊಡ್ಡವರು ಅದನ್ನು ಬಿಡಿಸುವಂತಿರಬೇಕು. ಸೊಳ್ಳೆ ಪರದೆ ಗಾಳಿಯನ್ನಷ್ಟೇ ಬಿಡುತ್ತದೆ, ಒರಗಿದ ಮಗುವನ್ನು ತಡೆಯುವುದಿಲ್ಲ. ಕಿಟಕಿ ಪರದೆಗಳ ದಾರದ ಕುಣಿಕೆಯನ್ನು ಮಾತ್ರ ದಯವಿಟ್ಟು ನಿಲ್ಲಿಸಿಯೇಬಿಡಿ. ದಾರವಿಲ್ಲದ ಪರದೆ ಮಾಡುವುದು ಗೊತ್ತಿರುವಾಗ ಮಗುವಿನ ಕುತ್ತಿಗೆಯ ಮಟ್ಟದಲ್ಲಿ ಕುಣಿಕೆ ತೂಗುಹಾಕಲು ಯಾವ ಸಮರ್ಥನೆಯೂ ಇಲ್ಲ. ಮೆಟ್ಟಿಲಿನ ಗೇಟು ಮಾರುವವರು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಲಿ: ಒತ್ತಡದಿಂದ ನಿಲ್ಲುವ ಗೇಟು ಮೆಟ್ಟಿಲಿನ ಕೆಳತುದಿಗೆ ಮಾತ್ರ, ಮೇಲ್ತುದಿಗೆ ಗೋಡೆಗೆ ಸ್ಕ್ರೂ ಹಾಕಿದ್ದೇ ಆಗಬೇಕು.

ಈಗ ಗುಂಡಿ ಬ್ಯಾಟರಿ. ಈ ಪತ್ರದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಸಿಆರ್ 2032 ಎಂಬ ಬ್ಯಾಟರಿಯ ವ್ಯಾಸ 20 ಮಿ.ಮೀ., ದಪ್ಪ 3.2 ಮಿ.ಮೀ., 3 ವೋಲ್ಟ್. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದಂಥ ಅಳತೆ. ಸಿಕ್ಕಿಕೊಂಡಾಗ ಜೊಲ್ಲು, ಒದ್ದೆ ಅಂಗಾಂಶಗಳ ಮೂಲಕ ವಿದ್ಯುತ್ ಹರಿಯತೊಡಗಿ ಋಣ ಧ್ರುವದ ಕಡೆ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಅನ್ನನಾಳ ಆಳವಾಗಿ ಸುಟ್ಟಿರಬಹುದು. ಬ್ಯಾಟರಿ ಸೋರಬೇಕೆಂದೇನೂ ಇಲ್ಲ. ರಿಮೋಟಿಗೆ ಸಾಲದೆ ‘ಸತ್ತ’ ಬ್ಯಾಟರಿಯಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಲಕ್ಷಣಗಳು ಮೋಸ ಮಾಡುತ್ತವೆ: ಜೊಲ್ಲು ಹೆಚ್ಚು, ಊಟ ಬೇಡ, ಕೆಮ್ಮು, ರಗಳೆ. ಶೀತ ಎಂದೇ ಅಂದುಕೊಳ್ಳುತ್ತೇವೆ. ಅನುಮಾನವಿದ್ದರೆ ತಡಮಾಡದೆ ಎಕ್ಸ್‌ರೇ ಆಗಬೇಕು. ವಾಂತಿ ಮಾಡಿಸಬಾರದು. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ ಹನ್ನೆರಡು ಗಂಟೆಯೊಳಗಾಗಿದ್ದು, ನುಂಗಲು ಆಗುತ್ತಿದ್ದರೆ ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ 10 ಮಿ.ಲೀ. ಜೇನುತುಪ್ಪ, ಆರು ಸಲದವರೆಗೆ, ಕೊಡಬಹುದು. ಜೇನು ಹುಡುಕುತ್ತ ಹೊರಡುವುದನ್ನು ಮಾತ್ರ ತಡಮಾಡಬಾರದು.

ಇಂಥ ಬ್ಯಾಟರಿಯನ್ನು ರಿಮೋಟಿನಲ್ಲಿ, ಅಡುಗೆ ತಕ್ಕಡಿಯಲ್ಲಿ, ಜ್ವರದ ಥರ್ಮಾಮೀಟರಿನಲ್ಲಿ, ಹಾಡುವ ಶುಭಾಶಯ ಪತ್ರದಲ್ಲಿ, ಮಿನುಗುವ ದೀಪದಲ್ಲಿ ಇಡುತ್ತೀರಿ. ಮುಚ್ಚಳ ಹೆಬ್ಬೆರಳಿಂದ ಜಾರಿಸಿದರೆ ತೆರೆಯುತ್ತದೆ, ರಿಮೋಟು ನೆಲಕ್ಕೆ ಬಿದ್ದರೆ ತಾನೇ ತೆರೆದುಕೊಳ್ಳುತ್ತದೆ. ಅಮೆರಿಕದ 2022ರ ರೀಸ್ ಕಾಯಿದೆಯ ನಿಯಮಗಳ ಪ್ರಕಾರ ಬ್ಯಾಟರಿಯ ಗೂಡು ತೆರೆಯಲು ಸ್ಕ್ರೂಡ್ರೈವರಿನಂಥ ಸಾಧನ ಬೇಕು, ಇಲ್ಲವೇ ಎರಡು ಬೇರೆ ಬೇರೆ ಚಲನೆಗಳು ಒಟ್ಟಿಗೇ ನಡೆಯಬೇಕು. ಆಸ್ಟ್ರೇಲಿಯಾದಲ್ಲಿಯೂ 2022ರಿಂದ ಇಂಥ ಕಡ್ಡಾಯ ಮಾನದಂಡವಿದೆ. ಸ್ಕ್ರೂ ಹಾಕುವಾಗ ಅದು ಸಡಿಲಿಸಿದರೂ ಮುಚ್ಚಳದಲ್ಲೇ ಉಳಿಯುವಂಥದ್ದಾಗಿರಲಿ. ಕಳಚಿ ಕೈಗೆ ಬರುವ ಸ್ಕ್ರೂ ಒಂದು ಸಲ ಕಳೆದುಹೋದರೆ ಮುಚ್ಚಳಕ್ಕೆ ಮತ್ತೆ ಬೀಗವೇ ಇಲ್ಲ. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ರಿಮೋಟಿಗೂ ತಕ್ಕಡಿಗೂ ಎಎಎ ಬ್ಯಾಟರಿ ಹಾಕಿ. ವಸ್ತು ಅರ್ಧ ಬೆರಳು ದಪ್ಪವಾದರೆ ನಮಗೇನೂ ಬೇಸರವಿಲ್ಲ.

ಔಷಧಿ ತಯಾರಕರೇ, ನಿಮ್ಮ ಪಾಲಿಗೆ ಲೆಕ್ಕವೊಂದಿದೆ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಪ್ರತಿ ಕಿಲೊ ತೂಕಕ್ಕೆ 15 ಮಿ.ಗ್ರಾಂ ಎಂದು ವೈದ್ಯರು ಹೇಳಿದರು ಎನ್ನಿ. ಹತ್ತು ಕಿಲೊ ಮಗುವಿಗೆ 150 ಮಿ.ಗ್ರಾಂ. ಐದು ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್ಪಿನಲ್ಲಿ ಅದು 6.25 ಮಿ.ಲೀ. ಐದು ಮಿ.ಲೀ.ಗೆ 250 ಇರುವುದರಲ್ಲಿ 3 ಮಿ.ಲೀ. ಒಂದು ಮಿ.ಲೀ.ಗೆ 100 ಇರುವ ಹನಿ ಔಷಧಿಯಲ್ಲಿ 1.5 ಮಿ.ಲೀ. ಮೂರೂ ಬಾಟಲಿಗಳ ಮೇಲೆ ಹೆಸರು ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಮೊದಲ ಸಿರಪ್ಪಿನ ಅಳತೆಯಲ್ಲಿ ಹನಿ ಔಷಧಿ ಕುಡಿಸಿದರೆ ನಾಲ್ಕು ಪಟ್ಟಿಗೂ ಮಿಕ್ಕಿ ಹೋಗುತ್ತದೆ, ಮಗುವಿನ ಯಕೃತ್ತಿಗೆ ಅಪಾಯ. ನಡುರಾತ್ರಿ, ಮಂದ ಬೆಳಕು, ತೋಳಿನಲ್ಲಿ ಅಳುವ ಮಗು. ಆ ಹೊತ್ತಿನಲ್ಲಿ ಓದಬೇಕಾದ ‘ಒಂದು ಮಿ.ಲೀ.ಗೆ ಎಷ್ಟು ಮಿ.ಗ್ರಾಂ’ ಎಂಬ ಅಂಕಿಯನ್ನು ನೀವು ಬಾಟಲಿಯ ಬದಿಯಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತೀರಿ. ಅದನ್ನು ಹೆಸರಿನಷ್ಟೇ ದೊಡ್ಡದಾಗಿ, ಹೆಸರಿನ ಪಕ್ಕದಲ್ಲೇ ಹಾಕಿ. ಬಾಟಲಿಯೊಂದಿಗೆ ಅಳತೆ ಲೋಟದ ಬದಲು ಮಿ.ಲೀ. ಗುರುತಿನ ಸಿರಿಂಜು ಕೊಡಿ, ಅದು ಕೂರುವ ಬಿಗಿ ಕಂಠವನ್ನೂ ಕೊಡಿ. ಆ ಕಂಠದಿಂದ ಇನ್ನೊಂದು ಉಪಕಾರವಿದೆ: ಮಗು ಮುಚ್ಚಳ ತೆಗೆದರೂ ಬಾಟಲಿ ಎತ್ತಿ ಗಟಗಟ ಕುಡಿಯಲಾಗದು. ಶೀತದ ಮಿಶ್ರ ಔಷಧಿಯಲ್ಲಿ ಪ್ಯಾರಸಿಟಮಾಲ್ ಇದ್ದರೆ ಅದನ್ನು ಮುಂಭಾಗದಲ್ಲೇ ಹೇಳಿ. ಇಲ್ಲದಿದ್ದರೆ ತಿಳಿಯದೆ ಎರಡು ಪಾಲು ಕೊಟ್ಟಂತಾಗುತ್ತದೆ.

ಮಕ್ಕಳು ತೆರೆಯಲಾಗದ ಮುಚ್ಚಳ ಹಾಕಿದ್ದೇವೆ ಎನ್ನುವವರಿಗೆ ಆ ಮುಚ್ಚಳದ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದು ತಿಳಿದೇ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ 42ರಿಂದ 51 ತಿಂಗಳ ಮಕ್ಕಳ ಕೈಗೆ ಬಾಟಲಿ ಕೊಡುತ್ತಾರೆ. ಮೊದಲ ಐದು ನಿಮಿಷದಲ್ಲಿ ಶೇ. 85ರಷ್ಟು ಮಕ್ಕಳಿಗೆ, ತೆರೆಯುವುದನ್ನು ತೋರಿಸಿ ಇನ್ನೈದು ನಿಮಿಷ ಕೊಟ್ಟ ಮೇಲೂ ಶೇ. 80ರಷ್ಟು ಮಕ್ಕಳಿಗೆ ತೆರೆಯಲು ಆಗದಿದ್ದರೆ ಮುಚ್ಚಳ ಪಾಸು. ಎಂದರೆ ಐವರಲ್ಲಿ ಒಬ್ಬರು ತೆರೆದರೂ ಪಾಸು. ಹಾಗಾಗಿ ಆ ಮುಚ್ಚಳ ಮಗುವನ್ನು ತಡಮಾಡಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಹಾಗೆಂದು ಅದು ಬೇಡವೆಂದಲ್ಲ, ಬೇಕೇಬೇಕು. ವಯಸ್ಸಾದವರಿಗೆ ತೆರೆಯಲು ಕಷ್ಟ ಎಂಬ ಆಕ್ಷೇಪಕ್ಕೂ ಅದೇ ಪರೀಕ್ಷೆಯಲ್ಲಿ ಉತ್ತರವಿದೆ: 50ರಿಂದ 70 ವರ್ಷದ ಹಿರಿಯರಲ್ಲಿ ಶೇ. 90ರಷ್ಟು ಜನ ಅದನ್ನು ತೆರೆದು ಮತ್ತೆ ಮುಚ್ಚಬಲ್ಲವರಾಗಿರಬೇಕು.

ನೆಲ ಒರೆಸುವ ದ್ರವ, ಬ್ಲೀಚು ಮಾರುವವರು ಐದು ಲೀಟರಿನ ಕ್ಯಾನನ್ನು ಅಗ್ಗಕ್ಕೆ ಕೊಡುತ್ತೀರಿ. ಒಂದು ಕೈಯಲ್ಲಿ ಅದನ್ನು ಎತ್ತಿ ಒಂದು ಮುಚ್ಚಳದಷ್ಟು ಸುರಿಯಲು ಯಾರಿಂದಲೂ ಆಗದು. ಆಗ ಮನೆಯಲ್ಲಿ ಕೈಗೆ ಸಿಗುವ ಖಾಲಿ ಬಾಟಲಿಗೆ ತುಂಬಿಸಿಡುತ್ತಾರೆ, ಅದು ಹೆಚ್ಚಾಗಿ ನೀರಿನ ಅಥವಾ ಹಣ್ಣಿನ ರಸದ ಬಾಟಲಿ. ದ್ರವಕ್ಕೆ ನೀವೇ ಕೊಟ್ಟ ಗುಲಾಬಿ, ಹಸಿರು ಬಣ್ಣ, ಹಣ್ಣಿನ ಪರಿಮಳ ಸೇರಿದರೆ ಮಗು ಬಾಯಿಗಿಡದೆ ಬಿಡುತ್ತದೆಯೆ? ಕ್ಯಾನಿನ ಜೊತೆಗೇ ಬಿಗಿ ಮುಚ್ಚಳದ, ಚೀಟಿ ಅಂಟಿಸಿದ ಅರ್ಧ ಲೀಟರಿನ ಬಾಟಲಿಯೊಂದನ್ನು ಕೊಡಿ. ಬಣ್ಣ, ಪರಿಮಳ ಕಡಿಮೆ ಮಾಡಿ, ಕಹಿ ರುಚಿಯ ಡಿನಟೋನಿಯಂ ಸೇರಿಸಿ. ಬಟ್ಟೆ ಒಗೆಯುವ ದ್ರವ ತುಂಬಿದ ಮೆತ್ತನೆಯ ಪಾಡುಗಳನ್ನು (ಪುಟ್ಟ ಚೀಲಗಳನ್ನು) ಒಳಗಿರುವುದು ಕಾಣದ ಡಬ್ಬಿಯಲ್ಲೇ ಮಾರಿ.

ಕೊನೆಯದಾಗಿ, ನೀವು ಎಲ್ಲದರ ಮೇಲೂ ಅಚ್ಚು ಹಾಕುವ ‘ಮಕ್ಕಳ ಕೈಗೆಟುಕದಂತೆ ಇಡಿ’ ಎಂಬ ಸಾಲು. ಎಷ್ಟು ಎತ್ತರಕ್ಕೆ ಇಟ್ಟರೆ ಕೈಗೆಟುಕದು ಎಂದು ಅದರಲ್ಲಿ ಇಲ್ಲ. ಅದರ ಬದಲು ಹೀಗೆ ಬರೆಯಿರಿ: ‘ನೆಲದಿಂದ 1.5 ಮೀಟರ್ ಮೇಲೆ, ಚಿಲಕವಿರುವ ಕಪಾಟಿನಲ್ಲಿ, ಹತ್ತಿರದಲ್ಲಿ ಕುರ್ಚಿ ಇಲ್ಲದ ಕಡೆ ಇಡಿ. ಮಗು ನುಂಗಿದ್ದರೆ ಈ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.’ ಅದರ ಕೆಳಗೆ ಒಳಗಿರುವ ರಾಸಾಯನಿಕದ ಹೆಸರು, ಪ್ರಮಾಣ, ಹಗಲು ರಾತ್ರಿ ಕರೆ ಎತ್ತುವ ವಿಷ ಮಾಹಿತಿ ಕೇಂದ್ರದ ಸಂಖ್ಯೆ, ಚಾಳೀಸು ಇಲ್ಲದೆಯೂ ಓದಬಹುದಾದ ಗಾತ್ರದಲ್ಲಿರಲಿ. ನಿಮ್ಮ ಮುಂದಿನ ಮುದ್ರಣದಿಂದಲೇ ಇದನ್ನು ಶುರುಮಾಡಬಹುದು.

ಇತಿ,
ನಡೆಯಲು ಕಲಿತ ಮಕ್ಕಳ ತಾಯಂದಿರು